ಷರತ್ತು ಪರಿಶೀಲಿಸುವ ಲೈಬ್ರರಿ ತಂದರೆ ತಪ್ಪು ಆಯ್ಕೆ ನಿಲ್ಲುತ್ತದೆಯೇ?

ಪ್ರಶ್ನೆ: ಹುಬ್ಬಳ್ಳಿಯ ಒಂದು ಟ್ರಸ್ಟ್ ಪ್ರತಿವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಗಳನ್ನು ಸೋಸುವ ಸಣ್ಣ ತಂತ್ರಾಂಶವನ್ನು ಅವರಿಗೆ ಪೈಥಾನ್‌ನಲ್ಲಿ ಬರೆದುಕೊಟ್ಟಿದ್ದೇನೆ. ಅರ್ಹತೆಯ ಷರತ್ತು ವರ್ಷವರ್ಷವೂ ಬದಲಾಗುವುದರಿಂದ ಕಚೇರಿಯವರೇ ಅದನ್ನು ಆನ್‌ಲೈನ್ ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಬರೆಯುತ್ತಾರೆ. ನನ್ನ ಪ್ರೋಗ್ರಾಮ್ ಅದನ್ನು ಓದಿಕೊಂಡು ‘ಇವ್ಯಾಲ್’ (ಪಠ್ಯವನ್ನು ಪೈಥಾನ್ ಸಾಲಾಗಿ ನಡೆಸುವ ಫಂಕ್ಷನ್) ಬಳಸಿ, ಸಿಎಸ್‌ವಿ ಕಡತದಲ್ಲಿರುವ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಪ್ರತಿ ಅರ್ಜಿಯನ್ನೂ ಪರೀಕ್ಷಿಸುತ್ತದೆ. ಹೋದ ವರ್ಷದ ಷರತ್ತು ಹೀಗಿತ್ತು (ನಿಮಗೆ ಓದಲು ಅನುಕೂಲವಾಗಲೆಂದು ಪದಗಳನ್ನು ಕನ್ನಡದಲ್ಲಿ ಬರೆದಿದ್ದೇನೆ):

ವರ್ಗ == "2ಎ" ಅಥವಾ ವರ್ಗ == "2ಬಿ" ಮತ್ತು ಆದಾಯ <= "250000"

ಮೊದಲು 250000ಕ್ಕೆ ಉದ್ಧರಣ ಚಿಹ್ನೆ ಇಲ್ಲದಿದ್ದಾಗ ದೋಷ ಬರುತ್ತಿತ್ತು. ಚಿಹ್ನೆ ಹಾಕಿದ ಮೇಲೆ ಸರಿಹೋಯಿತು. ಆದರೆ 2ಬಿ ವರ್ಗದ, ಮನೆಯ ವಾರ್ಷಿಕ ಆದಾಯ 95,000 ರೂಪಾಯಿ ಇರುವ ವಿದ್ಯಾರ್ಥಿನಿಯ ಅರ್ಜಿ ತಿರಸ್ಕೃತವಾಗಿತ್ತೆಂದು ಈಗ ಗೊತ್ತಾಗಿದೆ. ಇವ್ಯಾಲ್ ಅಪಾಯಕಾರಿ, ಬೂಲಿಯನ್ (ನಿಜ–ಸುಳ್ಳು) ಷರತ್ತುಗಳಿಗೆಂದೇ ಇರುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಬಿಲ್ಟ್‌ಇನ್‌ಗಳನ್ನು (ಪೈಥಾನ್ ಜೊತೆಗೇ ಬರುವ ಫಂಕ್ಷನ್‌ಗಳನ್ನು) ತೆಗೆದುಹಾಕಿದರೆ ಸಾಕು, ಹೇಗೂ ಬರೆಯುವವರು ನಮ್ಮವರೇ ಎನ್ನುತ್ತಾರೆ ಇನ್ನೊಬ್ಬರು. ಲೈಬ್ರರಿ ತಂದರೆ ಇಂಥ ತಪ್ಪು ನಿಲ್ಲುತ್ತದೆಯೇ? ಷರತ್ತನ್ನು ಕಚೇರಿಯವರು ಕನ್ನಡದಲ್ಲೇ ಬರೆಯುವಂತೆ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಇವ್ಯಾಲ್‌ನಿಂದ ಕಂಪ್ಯೂಟರಿಗೆ ಅಪಾಯವಿದೆಯೇ ಎಂಬುದು ಒಂದು. ಅರ್ಹರು ಏಕೆ ಬಿಟ್ಟುಹೋದರು ಎಂಬುದು ಇನ್ನೊಂದು. ಒಳ್ಳೆಯ ಲೈಬ್ರರಿ ಮೊದಲನೆಯದನ್ನು ಬಹುಮಟ್ಟಿಗೆ ಬಗೆಹರಿಸುತ್ತದೆ. ಎರಡನೆಯದು ಹುಟ್ಟಿರುವುದು ಷರತ್ತಿಗಿಂತ ಹೆಚ್ಚಾಗಿ ಅರ್ಜಿಯ ದತ್ತಾಂಶದಲ್ಲಿ. ಅದನ್ನು ಸರಿಪಡಿಸದೆ ಯಾವ ಲೈಬ್ರರಿ ತಂದರೂ ಅದು ತಪ್ಪು ಉತ್ತರವನ್ನೇ ಸುರಕ್ಷಿತವಾಗಿ ಕೊಡುತ್ತದೆ. ಹಾಗಾಗಿ ಎರಡನೆಯದರಿಂದಲೇ ಶುರು ಮಾಡುತ್ತೇನೆ.

ಕಾರಣದ ಸುಳಿವು ನೀವು ಕಳಿಸಿದ ಸಾಲಿನಲ್ಲೇ ಇದೆ: ಆ ಉದ್ಧರಣ ಚಿಹ್ನೆ. ಸಿಎಸ್‌ವಿ ಕಡತದಿಂದ ಓದಿದ ಎಲ್ಲವೂ ಸಾಮಾನ್ಯವಾಗಿ ಪೈಥಾನ್‌ಗೆ ಪಠ್ಯವಾಗಿಯೇ ಬರುತ್ತದೆ, ಆದಾಯವೂ ಸಹ. ಪಠ್ಯವನ್ನು ಸಂಖ್ಯೆಯೊಂದಿಗೆ ಹೋಲಿಸಲು ಹೋದಾಗ ಪೈಥಾನ್ 3 ದೋಷ ತೋರಿಸಿ ನಿಂತಿತು. ಅದು ನಿಮ್ಮ ನೆರವಿಗೆ ಬಂದ ಎಚ್ಚರಿಕೆಯಾಗಿತ್ತು. ಚಿಹ್ನೆ ಹಾಕಿದಾಗ ಎರಡೂ ಬದಿ ಪಠ್ಯವಾದವು, ದೋಷ ಮಾಯವಾಯಿತು, ಹೋಲಿಕೆಯ ಅರ್ಥವೇ ಬದಲಾಯಿತು. ಪಠ್ಯಗಳನ್ನು ನಿಘಂಟಿನ ಕ್ರಮದಲ್ಲಿ, ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸಲಾಗುತ್ತದೆ. "95000" ಮತ್ತು "250000" ಎದುರಾದಾಗ ನೋಡುವುದು 9 ಮತ್ತು 2 ಅನ್ನು ಮಾತ್ರ. 9 ದೊಡ್ಡದು, ಆದ್ದರಿಂದ 95,000 ಮಿತಿ ಮೀರಿದ ಆದಾಯ! ಇದೇ ಲೆಕ್ಕದಲ್ಲಿ 2ಬಿ ವರ್ಗದಲ್ಲಿ 30,000ದಿಂದ 99,999ರವರೆಗೆ ಆದಾಯವಿರುವ ಎಲ್ಲರೂ, ಎಂದರೆ ನೆರವು ಅತಿ ಹೆಚ್ಚು ಬೇಕಾಗಿದ್ದವರೇ, ಹೊರಗೆ ಉಳಿದಿದ್ದಾರೆ. ಹನ್ನೆರಡು ಲಕ್ಷ ಆದಾಯದವರು "1200000" ಎಂದು ಬರೆದಿದ್ದರೆ 1 ಚಿಕ್ಕದಾದ್ದರಿಂದ ಒಳಗೆ ಬಂದಿರುತ್ತಾರೆ. ಆದಾಯದ ಕೋಶವನ್ನು ಖಾಲಿ ಬಿಟ್ಟವರೂ ಒಳಗೇ ಬಂದಿರುತ್ತಾರೆ, ಏಕೆಂದರೆ ಖಾಲಿ ಪಠ್ಯ ಬೇರೆಲ್ಲ ಪಠ್ಯಕ್ಕಿಂತ ಚಿಕ್ಕದು. ದಯವಿಟ್ಟು ಹೋದ ವರ್ಷದ ಇಡೀ ಪಟ್ಟಿಯನ್ನು ಈ ವಾರವೇ ಮತ್ತೊಮ್ಮೆ ಪರಿಶೀಲಿಸಿ, ಬಿಟ್ಟುಹೋದವರ ಹೆಸರುಗಳನ್ನು ಟ್ರಸ್ಟಿನ ಮುಂದಿಡಿ. ಅವರಲ್ಲಿ ಇನ್ನೂ ಓದುತ್ತಿರುವವರು ಇರುತ್ತಾರೆ. ತಂತ್ರಾಂಶ ಬದಲಿಸುವುದಕ್ಕಿಂತ ಇದು ಜರೂರಿನ ಕೆಲಸ.

ಅದೇ ಸಾಲಿನಲ್ಲಿ ಇನ್ನೊಂದು ತಪ್ಪೂ ಇದೆ. ಗಣಿತದಲ್ಲಿ ಕೂಡುವ ಮೊದಲು ಗುಣಿಸುವಂತೆ, ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ‘ಅಥವಾ’ಗಿಂತ ‘ಮತ್ತು’ ಬಿಗಿಯಾಗಿ ಬೆಸೆಯುತ್ತದೆ. ನಿಮ್ಮ ಷರತ್ತನ್ನು ಯಂತ್ರ ಓದುವುದು ಹೀಗೆ: 2ಎ ಆಗಿದ್ದರೆ ಸಾಕು, ಅಥವಾ 2ಬಿ ಆಗಿದ್ದು ಆದಾಯವೂ ಮಿತಿಯೊಳಗಿರಬೇಕು. 2ಎ ವರ್ಗದವರ ಆದಾಯವನ್ನು ಯಾರೂ ನೋಡಿಯೇ ಇಲ್ಲ. ಆವರಣ ಹಾಕಿದರೆ ಇದು ಸರಿಯಾಗುತ್ತದೆ. ಅದಕ್ಕಿಂತ ಒಳ್ಳೆಯದು, ‘ವರ್ಗ ಈ ಪಟ್ಟಿಯಲ್ಲಿದೆ: 2ಎ, 2ಬಿ’ ಎಂಬ ಅರ್ಥದಲ್ಲಿ ಬರೆಯುವುದು. ಪೈಥಾನ್‌ನಲ್ಲೂ ನಾನು ಮುಂದೆ ಹೇಳುವ ಲೈಬ್ರರಿಗಳಲ್ಲೂ ಇದಕ್ಕೆ ಅವಕಾಶವಿದೆ. ‘ಅಥವಾ’ ಕಡಿಮೆಯಾದಷ್ಟೂ ಆವರಣ ಮರೆಯುವ ಸಂದರ್ಭ ಕಡಿಮೆ. ವರ್ಗ == "2ಎ" ಅಥವಾ "2ಬಿ" ಎಂದು ಮಾತ್ರ ಎಂದೂ ಬರೆಯಬೇಡಿ. ಖಾಲಿಯಲ್ಲದ ಪಠ್ಯವನ್ನು ಪೈಥಾನ್ ‘ನಿಜ’ ಎಂದೇ ಎಣಿಸುವುದರಿಂದ ಆ ಷರತ್ತಿನಲ್ಲಿ ಎಲ್ಲರೂ ಪಾಸಾಗುತ್ತಾರೆ.

ಇನ್ನು, ನಾನು ಅತಿ ಹೆಚ್ಚು ಹೊತ್ತು ಚರ್ಚಿಸಬೇಕಾಗಿ ಬರುವ ವಿಷಯ: ಮಾಹಿತಿ ಇಲ್ಲದ ಕೋಶ. ಸಾಲ, ವಿಮೆ, ಸಹಾಯಧನ, ಎಲ್ಲೆಲ್ಲಿ ಅರ್ಹತೆ ಪರಿಶೀಲಿಸುವ ತಂತ್ರಾಂಶ ನೋಡಿದ್ದೇನೋ ಅಲ್ಲೆಲ್ಲ ಜಗಳ ಬರುವುದು ಇದರಿಂದಲೇ. ‘ಆದಾಯ ಗೊತ್ತಿಲ್ಲದಿದ್ದರೆ ಷರತ್ತು ಸುಳ್ಳು ಎಂದು ಇಟ್ಟುಕೊಳ್ಳೋಣ’ ಎಂಬ ತೀರ್ಮಾನ ಎಲ್ಲರಿಗೂ ಸಹಜವಾಗಿ ಕಾಣುತ್ತದೆ. ಎರಡು ಷರತ್ತುಗಳನ್ನು ನೋಡಿ:

ಆದಾಯ <= 250000
ಅಲ್ಲ (ಆದಾಯ > 250000)

ಆದಾಯ ತುಂಬಿದವರ ಮಟ್ಟಿಗೆ ಇವೆರಡೂ ಒಂದೇ. ತುಂಬದವರ ಮಟ್ಟಿಗೆ, ಒಳಗಿನ ಹೋಲಿಕೆ ಸುಳ್ಳು ಎಂದಾದರೆ, ಮೊದಲನೆಯದು ಅವರನ್ನು ಹೊರಗಿಡುತ್ತದೆ, ಎರಡನೆಯದು ಒಳಗೆ ಬಿಡುತ್ತದೆ. ಈ ವರ್ಷದ ಗುಮಾಸ್ತರು ಒಂದು ರೀತಿ ಬರೆದು ಮುಂದಿನ ವರ್ಷದವರು ಇನ್ನೊಂದು ರೀತಿ ಬರೆದರೆ, ನಿಯಮ ಬದಲಾಗದೆಯೇ ಫಲಿತಾಂಶ ಬದಲಾಗುತ್ತದೆ. ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯುಎಲ್ ಇದಕ್ಕೆ ಮೂರನೆಯ ಬೆಲೆಯೊಂದನ್ನು (ಮೌಲ್ಯವನ್ನು) ಇಟ್ಟುಕೊಂಡಿದೆ: ನಿಜ, ಸುಳ್ಳು, ತಿಳಿಯದು. ತಿಳಿಯದ್ದನ್ನು ‘ಅಲ್ಲ’ ಎಂದರೂ ಅದು ತಿಳಿಯದ್ದಾಗಿಯೇ ಉಳಿಯುತ್ತದೆ. ‘ನಿಜ ಅಥವಾ ತಿಳಿಯದು’ ನಿಜವಾಗುತ್ತದೆ, ‘ಸುಳ್ಳು ಮತ್ತು ತಿಳಿಯದು’ ಸುಳ್ಳಾಗುತ್ತದೆ. ಇದು ಸುಸಂಗತ ಲೆಕ್ಕ. ಆದರೆ ಕೊನೆಯಲ್ಲಿ ಎಸ್‌ಕ್ಯುಎಲ್ ‘ತಿಳಿಯದು’ ಬಂದ ಸಾಲುಗಳನ್ನೂ ಸದ್ದಿಲ್ಲದೆ ಕೈಬಿಡುತ್ತದೆ ಎಂಬುದು ನೆನಪಿರಲಿ.

ನಿಮ್ಮ ಕೆಲಸಕ್ಕೆ ನನ್ನ ಸಲಹೆ ಸ್ಪಷ್ಟ: ಫಲಿತಾಂಶಕ್ಕೆ ಎರಡಲ್ಲ, ಮೂರು ಕಟ್ಟು ಮಾಡಿ. ಅರ್ಹ, ಅನರ್ಹ, ದಾಖಲೆ ಬೇಕು. ಮೂರನೆಯ ಕಟ್ಟಿಗೆ ಬಿದ್ದವರಿಗೆ ಕಚೇರಿಯಿಂದ ಫೋನ್ ಹೋಗಬೇಕು. ಆದಾಯ ಪ್ರಮಾಣಪತ್ರ ಕೈಗೆ ಬರುವುದು ತಡವಾದ ಮಕ್ಕಳ ಅರ್ಜಿಯನ್ನು ಯಂತ್ರ ತಿರಸ್ಕರಿಸಬಾರದು.

ಈ ಪ್ರಶ್ನೆಗೆ ಒಂದೊಂದು ಲೈಬ್ರರಿ ಒಂದೊಂದು ಉತ್ತರ ಕೊಡುತ್ತದೆ. ಷರತ್ತನ್ನು ದತ್ತಾಂಶದ ರೂಪದಲ್ಲೇ ಬರೆಯುವ ಜೇಸನ್‌ಲಾಜಿಕ್ ಲೈಬ್ರರಿಯ ಜಾವಾಸ್ಕ್ರಿಪ್ಟ್ ರೂಪದಲ್ಲಿ, ಇಲ್ಲದ ಕೋಶಕ್ಕೆ ‘ನಲ್’ (ಏನೂ ಇಲ್ಲ) ಬರುತ್ತದೆ. ಜಾವಾಸ್ಕ್ರಿಪ್ಟ್ ಹೋಲಿಸುವಾಗ ನಲ್ ಅನ್ನು ಸೊನ್ನೆಯಾಗಿ ತೆಗೆದುಕೊಳ್ಳುತ್ತದೆ. ಸೊನ್ನೆ 2,50,000ಕ್ಕಿಂತ ಕಡಿಮೆ. ಆದಾಯ ತುಂಬದವರು ಅರ್ಹರಾಗುತ್ತಾರೆ. ಗೂಗಲ್‌ನಿಂದ ಬಂದ ಷರತ್ತು ಬರೆಯುವ ಭಾಷೆ ಸಿಇಎಲ್, ಇಲ್ಲದ ಕೋಶವನ್ನು ಕೇಳಿದರೆ ದೋಷ ಕೊಡುತ್ತದೆ, ಕೋಶ ಇದೆಯೇ ಎಂದು ಮೊದಲು ಕೇಳುವ ಸೌಲಭ್ಯವನ್ನೂ ಕೊಡುತ್ತದೆ. ಪೈಥಾನ್‌ನ ರೂಲ್ ಎಂಜಿನ್ ಎಂಬ ಲೈಬ್ರರಿ ಕೂಡ, ನೀವು ಬೇರೆ ಬೆಲೆ ಸೂಚಿಸದಿದ್ದರೆ, ದೋಷವನ್ನೇ ಕೊಡುತ್ತದೆ. ನನಗೆ ದೋಷ ಕೊಡುವವುಗಳ ಮೇಲೆಯೇ ಹೆಚ್ಚು ಭರವಸೆ. ಆ ದೋಷವನ್ನು ಹಿಡಿದು ಅರ್ಜಿಯನ್ನು ಮೂರನೆಯ ಕಟ್ಟಿಗೆ ಹಾಕಬಹುದು. ಮೌನವಾಗಿ ಬಂದ ‘ನಿಜ’ವನ್ನು ಹಿಡಿಯಲು ದಾರಿಯೇ ಇಲ್ಲ.

ಈಗ ಇವ್ಯಾಲ್ ವಿಷಯ. ‘ಬಿಲ್ಟ್‌ಇನ್‌ಗಳನ್ನು ತೆಗೆದರೆ ಸಾಕು’ ಎಂಬುದು ಬಹಳ ಕಾಲದಿಂದ ಹರಿದಾಡುತ್ತಿರುವ ತಪ್ಪು ನಂಬಿಕೆ. ಪೈಥಾನ್‌ನಲ್ಲಿ ಖಾಲಿ ಆವರಣ ಬರೆದರೂ ಅದೊಂದು ವಸ್ತು. ಅದರ ಕ್ಲಾಸ್ (ವಸ್ತುವಿನ ಬಗೆ) ಯಾವುದೆಂದು ಕೇಳಬಹುದು, ಆ ಕ್ಲಾಸಿನ ಮೂಲ ಯಾವುದೆಂದು ಕೇಳಬಹುದು, ಆ ಮೂಲದಿಂದ ಹುಟ್ಟಿದ ಎಲ್ಲ ಕ್ಲಾಸ್‌ಗಳ ಪಟ್ಟಿಯನ್ನೂ ಕೇಳಬಹುದು. ಆ ಹೊತ್ತಿಗೆ ಪ್ರೋಗ್ರಾಮಿನಲ್ಲಿ ಲೋಡ್ ಆಗಿರುವ ನೂರಾರು ಕ್ಲಾಸ್‌ಗಳು ಅದರಲ್ಲಿರುತ್ತವೆ. ಅವುಗಳಲ್ಲಿ ಒಂದೆರಡರ ಮೂಲಕ ಆಪರೇಟಿಂಗ್ ಸಿಸ್ಟಮ್ ವರೆಗೆ ಹೋಗಬಹುದು. ಇಷ್ಟಕ್ಕೆ ಒಂದೂ ಬಿಲ್ಟ್‌ಇನ್ ಬೇಕಿಲ್ಲ, ಚುಕ್ಕಿ ಮತ್ತು ಅಂಡರ್‌ಸ್ಕೋರ್ ಸಾಕು. ಅದೂ ಬೇಡ, ಘಾತದ ಮೇಲೆ ಘಾತವಾಗಿ 9**9**9**9 ಎಂದು ಒಂದು ಸಣ್ಣ ಸಾಲು ಬರೆದರೆ ನಿಮ್ಮ ಸರ್ವರ್ ಲೆಕ್ಕ ಮಾಡುತ್ತಲೇ ಕುಳಿತುಬಿಡುತ್ತದೆ.

‘ಬರೆಯುವವರು ನಮ್ಮವರೇ’ ಎಂಬ ಮಾತಿನಲ್ಲಿ ನಿಮ್ಮ ಗೆಳೆಯರು ಒಂದನ್ನು ಮರೆತಿದ್ದಾರೆ. ಕಚೇರಿಯವರ ಮೇಲೆ ನನಗೂ ಅನುಮಾನವಿಲ್ಲ. ಆದರೆ ಆ ಸ್ಪ್ರೆಡ್‌ಶೀಟಿನ ಲಿಂಕ್ ಯಾರ ಯಾರ ಹತ್ತಿರ ಇದೆ, ಅವರ ಇಮೇಲ್ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂಬುದು ನಿಮ್ಮ ಕೈಯಲ್ಲಿಲ್ಲ. ಆ ಕೋಶಕ್ಕೆ ಬರೆಯಬಲ್ಲ ಯಾರೇ ಆದರೂ ನಿಮ್ಮ ಸರ್ವರಿನಲ್ಲಿ ತಮ್ಮ ಪ್ರೋಗ್ರಾಮ್ ಓಡಿಸಬಲ್ಲರು. ಅಲ್ಲಿ ಸಾವಿರಾರು ಮಕ್ಕಳ ಜಾತಿ, ಆದಾಯ, ಬ್ಯಾಂಕ್ ಖಾತೆಯ ವಿವರಗಳಿವೆ.

ಇದು ಪುಸ್ತಕದ ಹೆದರಿಕೆಯಲ್ಲ. 2017ರಲ್ಲಿ ಅಮೆರಿಕದ ಇಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವೈಯಕ್ತಿಕ ಮಾಹಿತಿ ಕಳುವಾಯಿತು. ಅದರ ಮೂಲ ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ತಂತ್ರಾಂಶ ಚೌಕಟ್ಟಿನ ಒಂದು ದೋಷ: ಹೊರಗಿನಿಂದ ಬಂದ ಕೋರಿಕೆಯ ಹೆಡರಿನಲ್ಲಿದ್ದ ಪಠ್ಯವನ್ನು ಅದು ಒಜಿಎನ್‌ಎಲ್ ಎಂಬ ಎಕ್ಸ್‌ಪ್ರೆಶನ್ ಭಾಷೆಯ ಸಾಲಾಗಿ ನಡೆಸಿಬಿಡುತ್ತಿತ್ತು. ದೋಷದ ಪರಿಹಾರ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು. ವಸ್ತುಗಳ ಗುಣಗಳನ್ನು ಓದಲೆಂದು ಹುಟ್ಟಿದ ಆ ಭಾಷೆಗೆ ಮೆಥಡ್‌ಗಳನ್ನು (ವಸ್ತುಗಳ ಫಂಕ್ಷನ್‌ಗಳನ್ನು) ಕರೆಯುವ ಶಕ್ತಿಯೂ ಇದ್ದದ್ದೇ ಅನಾಹುತಕ್ಕೆ ದಾರಿಯಾಯಿತು.

ಹಾಗಾದರೆ ಏನು ಮಾಡಬಹುದು? ಷರತ್ತು ವರ್ಷಕ್ಕೆ ಒಮ್ಮೆ ಮಾತ್ರ ಬದಲಾಗುವುದಾದರೆ, ಲೈಬ್ರರಿಯೂ ಬೇಡ, ಇವ್ಯಾಲ್ ಕೂಡ ಬೇಡ. ನೀವೇ ಅದನ್ನು ಸಾಮಾನ್ಯ ಪೈಥಾನ್ ಫಂಕ್ಷನ್ನಾಗಿ ಬರೆದು, ಪರೀಕ್ಷೆಗಳ ಸಮೇತ ಇಡಬಹುದು. ಕಚೇರಿಯವರು ಪ್ರತಿಸಲ ನಿಮ್ಮನ್ನು ಕಾಯಬೇಕಾಗುತ್ತದೆ ಎಂಬುದೇ ಇದರ ತೊಂದರೆ. ಬದಲಾಗುವುದು ಆದಾಯದ ಮಿತಿ ಮತ್ತು ವರ್ಗಗಳ ಪಟ್ಟಿ ಮಾತ್ರ ಎಂದಾದರೆ ಅವೆರಡನ್ನು ಸೆಟ್ಟಿಂಗ್‌ಗಳಾಗಿ ಹೊರಗಿಟ್ಟರೆ ಸಾಕು. ಎಷ್ಟೋ ಕಡೆ ಬೇಕಾಗಿರುವುದು ಇಷ್ಟೇ.

ಷರತ್ತಿನ ರೂಪವೇ ಬದಲಾಗುತ್ತದೆ ಎಂದಾದರೆ ಪೈಥಾನ್‌ನ ಎಎಸ್‌ಟಿ ಮಾಡ್ಯೂಲ್ ಬಳಸಿ ನೀವೇ ಒಂದು ಸಣ್ಣ ಪರಿಶೀಲಕ ಬರೆಯಬಹುದು. ಅದು ಸಾಲನ್ನು ನಡೆಸುವುದಿಲ್ಲ, ಒಡೆದು ಮರದ ರೂಪದಲ್ಲಿ ಕೊಡುತ್ತದೆ. ಆ ಮರದಲ್ಲಿ ಮತ್ತು, ಅಥವಾ, ಅಲ್ಲ, ಹೋಲಿಕೆ, ಕೋಶದ ಹೆಸರು, ಸ್ಥಿರ ಬೆಲೆ ಇಷ್ಟನ್ನೇ ಒಪ್ಪಿ, ಬೇರೇನು ಕಂಡರೂ ತಿರಸ್ಕರಿಸಿ, ಬೆಲೆ ಕಟ್ಟುವ ಕೆಲಸವನ್ನೂ ನೀವೇ ಮಾಡಬೇಕು. ಬೇಡದ್ದರ ಪಟ್ಟಿ ಮಾಡಲು ಹೋಗಬೇಡಿ, ಆ ಪಟ್ಟಿ ಎಂದೂ ಮುಗಿಯುವುದಿಲ್ಲ. ಸಾಲಿನ ಉದ್ದಕ್ಕೂ ಒಂದು ಮಿತಿ ಇರಲಿ. ಆವರಣದೊಳಗೆ ಆವರಣ ವಿಪರೀತವಾದರೆ ಸಾಲನ್ನು ಒಡೆಯುವ ಪಾರ್ಸರೇ ಕುಸಿಯಬಹುದು. ಇಲ್ಲಿನ ನಿಜವಾದ ಅಪಾಯ ಮುಂದಿನ ವರ್ಷಗಳಲ್ಲಿದೆ. ಯಾರೋ ಒಬ್ಬರು ‘ಅರ್ಜಿ.ತಂದೆ.ಆದಾಯ’ ಎಂದು ಬರೆಯುವಂತಿರಲಿ ಎನ್ನುತ್ತಾರೆ, ನೀವು ಚುಕ್ಕಿಯನ್ನು ಒಪ್ಪುತ್ತೀರಿ, ಅಲ್ಲಿಗೆ ಮೇಲೆ ಹೇಳಿದ ಬಾಗಿಲು ಮತ್ತೆ ತೆರೆಯುತ್ತದೆ. ‘ಲಿಟರಲ್ ಇವ್ಯಾಲ್’ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದು ಸಂಖ್ಯೆ, ಪಠ್ಯ, ಪಟ್ಟಿಗಳಂಥ ಸ್ಥಿರ ಬೆಲೆಗಳನ್ನು ಓದಲು ಮಾತ್ರ. ‘ಮತ್ತು’, ‘ಅಥವಾ’ ಕಂಡರೆ ದೋಷ ಕೊಡುತ್ತದೆ.

ಇದರ ಬದಲು ಸಿದ್ಧ ಲೈಬ್ರರಿ. ನೀವು ಪೈಥಾನ್‌ನಲ್ಲಿ ಇರುವುದರಿಂದ ನನ್ನ ಮೊದಲ ಆಯ್ಕೆ ರೂಲ್ ಎಂಜಿನ್. ಯಾವ ಕೋಶ ಸಂಖ್ಯೆ, ಯಾವುದು ಪಠ್ಯ ಎಂದು ಮೊದಲೇ ತಿಳಿಸಿಬಿಟ್ಟರೆ, ಆದಾಯ <= "250000" ಎಂಬಂಥ ಷರತ್ತನ್ನು ಅದು ಒಂದು ಅರ್ಜಿಯನ್ನೂ ನೋಡುವ ಮೊದಲೇ, ಷರತ್ತನ್ನು ಓದುವಾಗಲೇ ತಿರಸ್ಕರಿಸುತ್ತದೆ. ಹೋದ ವರ್ಷ ಈ ಒಂದು ಗುಣ ಇದ್ದಿದ್ದರೆ ಆ ವಿದ್ಯಾರ್ಥಿನಿಗೆ ಅನ್ಯಾಯವಾಗುತ್ತಿರಲಿಲ್ಲ. ಆದರೆ ಕೋಶಗಳ ಬಗೆಯನ್ನು ತಿಳಿಸುವುದು ಕಡ್ಡಾಯವಲ್ಲ, ಐಚ್ಛಿಕ. ತಿಳಿಸದೆ ಬಿಟ್ಟು ಪಠ್ಯವನ್ನು ಪಠ್ಯದೊಂದಿಗೆ ಹೋಲಿಸಿದರೆ ಹಳೆಯ ಕಥೆಯೇ. ಸಿಎಸ್‌ವಿಯಿಂದ ಬಂದ "95000" ಅನ್ನು ಸಂಖ್ಯೆಯಾಗಿಸುವ ಕೆಲಸವೂ ನಿಮ್ಮದೇ, ಅದನ್ನು ಲೈಬ್ರರಿ ಮಾಡಿಕೊಡುವುದಿಲ್ಲ. ಅಲ್ಲಿ "2,50,000" ಎಂಬ ಅಲ್ಪವಿರಾಮ, "ರೂ. 95000/-" ಎಂಬ ಬರಹ, ನಡುವಿನ ಜಾಗ ಇವೆಲ್ಲ ಎದುರಾಗುತ್ತವೆ. ಅರ್ಥವಾಗದ್ದನ್ನು ಸೊನ್ನೆ ಮಾಡಬೇಡಿ, ಮೂರನೆಯ ಕಟ್ಟಿಗೆ ಕಳಿಸಿ.

ಅದೇ ಷರತ್ತು ಬ್ರೌಸರಿನ ಅರ್ಜಿ ನಮೂನೆಯಲ್ಲೂ ಸರ್ವರಿನಲ್ಲೂ ನಡೆಯಬೇಕಾದರೆ ಸಿಇಎಲ್ ಕಡೆ ನೋಡಿ. ಅದರಲ್ಲಿ ಲೂಪ್‌ಗಳನ್ನು ಬರೆದು ಯಂತ್ರವನ್ನು ಕೊನೆಯಿಲ್ಲದೆ ಓಡಿಸಲು ಬರುವುದಿಲ್ಲ. ಭಾಷೆಯನ್ನು ಬೇಕೆಂದೇ ಹಾಗೆ ಮೊಟಕುಗೊಳಿಸಿದ್ದಾರೆ. ಸರ್ವರ್‌ಗಳ ಗುಂಪಿನಲ್ಲಿ ತಂತ್ರಾಂಶ ನಡೆಸುವ ಕುಬರ್ನೆಟಿಸ್ ತನ್ನ ಪರಿಶೀಲನಾ ನಿಯಮಗಳಿಗೆ ಇದನ್ನೇ ಬಳಸುತ್ತದೆ, ಒಂದು ನಿಯಮ ಎಷ್ಟು ದುಬಾರಿಯಾಗಬಹುದು ಎಂದು ಅಂದಾಜಿಸಿ ಮಿತಿಯನ್ನೂ ಹಾಕುತ್ತದೆ. ಗೋ ಭಾಷೆಯವರಿಗೆ ಹ್ಯಾಶಿಕಾರ್ಪ್‌ನ ಗೋ-ಬೆಕ್ಸ್‌ಪರ್ ಇದೆ. ಅದೇ ಕಂಪನಿಯ ಕನ್ಸಲ್ ತಂತ್ರಾಂಶದಲ್ಲಿ ಸರ್ವಿಸ್‌ಗಳ ಪಟ್ಟಿಯನ್ನು ಸೋಸುವುದು ಅದೇ. ಸಮ, ಅಸಮ, ಪಟ್ಟಿಯಲ್ಲಿದೆ, ಒಳಗೊಂಡಿದೆ, ಖಾಲಿ ಇದೆ, ನಮೂನೆಗೆ ಹೊಂದುತ್ತದೆ ಎಂಬಿಷ್ಟೇ ಮಾತು ಅದಕ್ಕೆ ಗೊತ್ತು. ಹೆಚ್ಚು–ಕಡಿಮೆ ಹೋಲಿಕೆ ಅದರ ಮೂಲ ವಿನ್ಯಾಸದಲ್ಲಿಲ್ಲ, ಹಾಗಾಗಿ ಆದಾಯದ ಮಿತಿಗೆ ಅದು ಒಗ್ಗುವುದಿಲ್ಲ. ಭಾಷೆ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮಗೆ ಬೇಕಾದ ಹೋಲಿಕೆ ಅದರಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ನಮೂನೆ ಹುಡುಕುವ) ಸೌಲಭ್ಯವನ್ನು ಕಚೇರಿಯವರ ಕೈಗೆ ಕೊಡಬೇಡಿ. ಪೈಥಾನ್‌ನದು ಹಿಂದೆ ಹಿಂದೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸುವ ಬಗೆಯದು. ಕೆಟ್ಟದಾಗಿ ಬರೆದ ನಮೂನೆಯೊಂದು ಕೆಲವೇ ಅಕ್ಷರಗಳ ಮೇಲೆ ಪ್ರೊಸೆಸರನ್ನು ಪೂರ್ತಿ ತಿಂದುಹಾಕುತ್ತದೆ. 2019ರ ಜುಲೈ 2ರಂದು ವೆಬ್‌ಸೈಟ್‌ಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿಯ ಜಾಲ ಸುಮಾರು ಅರ್ಧ ಗಂಟೆ ಕುಸಿದದ್ದು ಇಂಥದೊಂದು ನಮೂನೆಯಿಂದಲೇ.

ಯಾವ ದಾರಿ ಹಿಡಿದರೂ ಎರಡು ಕೆಲಸ ತಪ್ಪಿಸಬೇಡಿ. ಹೊಸ ಷರತ್ತು ಜಾರಿಗೆ ಬರುವ ಮುನ್ನ ಕೃತಕ ಅರ್ಜಿಗಳ ಒಂದು ಸಣ್ಣ ಪಟ್ಟಿಯ ಮೇಲೆ ಅದು ನಡೆಯಬೇಕು. 95000, 249999, 250000, 250001, 1200000, ಖಾಲಿ ಆದಾಯ, ಅಲ್ಪವಿರಾಮದ ಆದಾಯ, ಪ್ರತಿ ವರ್ಗಕ್ಕೊಂದು ಸಾಲು. ಯಾರು ಒಳಗೆ, ಯಾರು ಹೊರಗೆ ಎಂಬ ಫಲಿತಾಂಶವನ್ನು ಷರತ್ತು ಬರೆದವರ ಕಣ್ಣಿಗೇ ತೋರಿಸಿ, ಅವರು ಒಪ್ಪಿದ ಮೇಲೆ ಮುಂದುವರಿಯಿರಿ. ಪ್ರೋಗ್ರಾಮಿಂಗ್ ಬಾರದವರೂ ಈ ಪಟ್ಟಿಯಲ್ಲಿ ತಪ್ಪನ್ನು ತಟ್ಟನೆ ಹಿಡಿಯುತ್ತಾರೆ. ಎರಡನೆಯದು, ಪ್ರತಿ ನಿರ್ಧಾರದ ಜೊತೆ ಅಂದಿನ ಷರತ್ತಿನ ಪಠ್ಯ, ಅದರ ಪ್ರತಿ ತುಂಡಿಗೆ ಬಂದ ಬೆಲೆ ದಾಖಲಾಗಿರಲಿ. ‘ನನ್ನ ಅರ್ಜಿ ಏಕೆ ತಿರಸ್ಕೃತವಾಯಿತು’ ಎಂದು ಕೇಳಿಕೊಂಡು ಬಂದ ವಿದ್ಯಾರ್ಥಿಗೆ ‘ಕಂಪ್ಯೂಟರ್ ಹೇಳಿತು’ ಎನ್ನುವುದು ಉತ್ತರವಲ್ಲ.

ಕನ್ನಡದಲ್ಲಿ ಷರತ್ತು ಬರೆಯುವ ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಪೈಥಾನ್ 3 ಸ್ವತಃ ಕನ್ನಡ ಹೆಸರುಗಳನ್ನು ಒಪ್ಪುತ್ತದೆ, ಹಾಗಾಗಿ ಎಎಸ್‌ಟಿ ದಾರಿಯಲ್ಲಿ ‘ಆದಾಯ’ ಎಂಬ ಕೋಶದ ಹೆಸರು ಹಾಗೇ ನಡೆಯುತ್ತದೆ. ಸಿಇಎಲ್‌ನಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ‘ಮತ್ತು’, ‘ಅಥವಾ’ ಕೂಡ ಕನ್ನಡದಲ್ಲಿ ಬೇಕಾದರೆ ಲಾರ್ಕ್‌ನಂಥ ಪಾರ್ಸರ್ ಲೈಬ್ರರಿಯಿಂದ ನಿಮ್ಮದೇ ಪುಟ್ಟ ವ್ಯಾಕರಣ ಕಟ್ಟಬಹುದು. ಆದರೆ ಕಚೇರಿಯವರಿಗೆ ನಿಜಕ್ಕೂ ಅನುಕೂಲವಾಗುವುದು ಟೈಪ್ ಮಾಡುವುದೇ ಬೇಡವಾದಾಗ. ಕೋಶ, ಹೋಲಿಕೆ, ಬೆಲೆ ಮೂರನ್ನೂ ಕನ್ನಡದ ಪಟ್ಟಿಗಳಿಂದ ಆರಿಸಿಕೊಳ್ಳುವ ಪರದೆ ಮಾಡಿಕೊಡಿ, ಒಳಗೆ ಷರತ್ತು ಯಾವ ಭಾಷೆಯಲ್ಲಾದರೂ ಇರಲಿ.

ಬೆಲೆಗಳು ಕನ್ನಡದಲ್ಲಿದ್ದರೆ ಒಂದು ಎಚ್ಚರ ಬೇಕು. ‘ಕೊಡಗು’ ಪದದ ಮೊದಲಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಕೊಂಬಿನ ದೀರ್ಘದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಕೆಗೆ ಬೇರೆ ಬೇರೆ. ಷರತ್ತು ಮತ್ತು ದತ್ತಾಂಶ ಎರಡನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ (ಇಂಥ ಬರಹಗಳನ್ನು ಒಂದೇ ರೀತಿ ಮಾಡುವುದು) ತಂದ ಮೇಲೆಯೇ ಹೋಲಿಸಿ. ‘ಪಾಲಿಟೆಕ್ನಿಕ್‌’ ಎಂಬಂಥ ಪದಗಳ ಕೊನೆಯಲ್ಲಿ ಕಾಣದಂತೆ ಕೂರುವ ಜೋಡಣೆ ತಡೆಯುವ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಕನ್ನಡ ಅಂಕಿಗಳ ಬಗ್ಗೆ ಚಿಂತೆ ಬೇಡ: "೨೫೦೦೦೦" ಎಂಬ ಪಠ್ಯವನ್ನು ಪೈಥಾನ್ 2,50,000 ಎಂದೇ ಸರಿಯಾಗಿ ಓದುತ್ತದೆ. ಆದರೆ ವರ್ಗದ ಕೋಶದಲ್ಲಿ "೨ಎ", "2 ಎ", "2ಎ" ಮೂರೂ ಬಂದಿರುತ್ತವೆ. ಜಿಲ್ಲೆಯ ಕೋಶದಲ್ಲಿ, 2014ರ ನವೆಂಬರ್ 1ರಂದು ಅಧಿಕೃತವಾಗಿ ಹೆಸರು ಬದಲಾದ ಊರನ್ನು ಕೆಲವರು ಬೆಳಗಾವಿ ಎಂದೂ ಕೆಲವರು ಬೆಳಗಾಂ ಎಂದೂ ಇನ್ನೂ ಬರೆಯುತ್ತಾರೆ. ವರ್ಗ, ಜಿಲ್ಲೆ, ಕಾಲೇಜು ಈ ಮೂರನ್ನೂ ಅರ್ಜಿ ನಮೂನೆಯಲ್ಲೇ ಪಟ್ಟಿಯಿಂದ ಆರಿಸುವಂತೆ ಮಾಡಿ, ಪ್ರತಿಯೊಂದಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಷರತ್ತಿನಲ್ಲಿ ಆ ಸಂಖ್ಯೆಯನ್ನೇ ಹೋಲಿಸಿ. ಈಗಾಗಲೇ ಬಂದಿರುವ ಅರ್ಜಿಗಳಿಗೆ ಕಚೇರಿಯವರೊಂದಿಗೆ ಕುಳಿತು, ಆ ಕೋಶಗಳಲ್ಲಿರುವ ಬೇರೆ ಬೇರೆ ಬರಹಗಳನ್ನೆಲ್ಲ ಒಂದು ಕಡೆ ಪಟ್ಟಿ ಮಾಡಿ, ಯಾವುದು ಯಾವ ಸಂಖ್ಯೆಗೆ ಸೇರುತ್ತದೆ ಎಂದು ಒಮ್ಮೆ ಗುರುತು ಹಾಕಿಕೊಳ್ಳಿ.